ಹೊಸ ಡಿಸ್ಕ್ ಹಾಕಿದ್ರೂ ಮತ್ತೆ ಮತ್ತೆ ವಾಪಸ್ ಬರ್ತಿದ್ದ ಬ್ರೇಕ್ ನಡುಕ: ಒಂದು ಕೇಸ್, ಪೂರ್ತಿ ವಿವರವಾಗಿ

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ, ಡಿಸ್ಕ್ (ವೀಲ್ ಜೊತೆ ತಿರುಗೋ ಕಬ್ಬಿಣದ ತಟ್ಟೆ, ಬ್ರೇಕ್ ಹಿಡಿಯೋದು ಇದನ್ನೇ) ಬೆಂಡ್ ಆಗಿದೆ, ಚೇಂಜ್ ಮಾಡಿಸಿ. ಚೇಂಜ್ ಮಾಡಿಸಿದ್ರೆ ನಡುಕ ನಿಲ್ಲತ್ತೆ ಕೂಡ. ಆದ್ರೆ ಎಷ್ಟೋ ಗಾಡಿಗಳಲ್ಲಿ ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ನಡುಕ ಅದೇ ಸ್ಪೀಡ್‌ನಲ್ಲಿ ವಾಪಸ್ ಬರತ್ತೆ, ಆಗ ಡಿಸ್ಕ್ ಕ್ವಾಲಿಟಿ ಸರಿ ಇಲ್ಲ ಅಂತ ಬೇರೆ ಕಂಪನಿ ಡಿಸ್ಕ್ ಬರತ್ತೆ, ಅದೂ ಅಷ್ಟೇ ದಿನ. ಈ ಸುತ್ತಿನಲ್ಲಿ ದುಡ್ಡು ಹೋಗೋದು ಒಂದು ಕಡೆ, ಗಾಡಿ ಓಡಿಸೋರಿಗೆ ಬ್ರೇಕ್ ಮೇಲೆ ನಂಬಿಕೆ ಹೋಗೋದು ಇನ್ನೊಂದು ಕಡೆ, ಜೋರಾಗಿ ಒತ್ತಬೇಕಾದ ಕಡೆ ಹಿಂಜರೀತಾರೆ, ನನಗೆ ಭಯ ಇರೋದು ಅದರ ಬಗ್ಗೆನೇ.

ನಮ್ಮ ಗ್ಯಾರೇಜ್‌ಗೆ ಬಂದ ಈ ಗಾಡಿ ಮುಂದಿನ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಮುಂದೆ ವೆಂಟಿಲೇಟೆಡ್ ಡಿಸ್ಕ್, ಹಿಂದೆ ಡ್ರಮ್, ವೀಲ್‌ಗೆ ನಾಲ್ಕು ನಟ್. ಕಂಪ್ಲೇಂಟ್ ಏನಂದ್ರೆ 100ರ ಹತ್ತಿರ ಸ್ಪೀಡ್‌ನಲ್ಲಿ ಮೆತ್ತಗೆ ಬ್ರೇಕ್ ಹಿಡಿದ್ರೆ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಅಲ್ಲಾಡತ್ತೆ, 80ರಲ್ಲಿ ಇನ್ನೂ ಜಾಸ್ತಿ, 50ರ ಕೆಳಗೆ ಬಂದ್ರೆ ಹೆಚ್ಚುಕಮ್ಮಿ ಮಾಯ. ಇಳಿಜಾರಿನಲ್ಲಿ ತುಂಬಾ ಹೊತ್ತು ಬ್ರೇಕ್ ಹಿಡ್ಕೊಂಡು ಬಂದ್ರೆ ಕಾಲಿಗೂ ಗೊತ್ತಾಗತ್ತೆ, ಪೆಡಲ್ ಬಡ್ಕೊಳ್ಳತ್ತೆ. ಅಷ್ಟರಲ್ಲಾಗಲೇ ಎರಡು ಸಲ ಮುಂದಿನ ಡಿಸ್ಕ್ ಬೇರೆ ಕಡೆ ಚೇಂಜ್ ಆಗಿತ್ತು, ಎರಡು ಸಲವೂ ಹಾಕಿದ ದಿನ ಬೆಣ್ಣೆ ಹಂಗೆ ನಿಂತಿದೆ, ಆಮೇಲೆ ನಿಧಾನಕ್ಕೆ ಶುರುವಾಗಿದೆ. ಓನರ್ ಈ ಸಲ ಮೂರನೇ ಜೊತೆ ಡಿಸ್ಕ್ ತಾವೇ ಕೊಂಡ್ಕೊಂಡು ಡಿಕ್ಕಿಲಿ ಇಟ್ಕೊಂಡೇ ಬಂದಿದ್ರು, "ಒಳ್ಳೆ ಕಂಪನಿದು ತಂದಿದೀನಿ, ಹಾಕ್ಕೊಟ್ಬಿಡಿ" ಅಂದ್ರು. ನಾನು ಹೇಳಿದ್ದು ಇಷ್ಟೇ, "ಸರ್, ಅಳತೆ ತಗೊಳ್ಳದೆ ಇದನ್ನ ಹಾಕೋದು ಬೇಡ, ಹಾಕಿದ್ರೆ ಇದೂ ಅದೇ ದಾರಿ ಹಿಡಿಯತ್ತೆ." ಹಂಗೆ ಹೇಳೋಕೆ ಕಾರಣ ಅವರ ಮಾತಲ್ಲೇ ಇತ್ತು. ಡಿಸ್ಕ್ ಕೆಟ್ಟದ್ದಾಗಿದ್ರೆ ಮೊದಲ ದಿನದಿಂದಲೇ ನಡುಗಬೇಕಿತ್ತು, ಹಾಕಿದಾಗ ಚೆನ್ನಾಗಿದ್ದು ಓಡ್ತಾ ಓಡ್ತಾ ಕೆಡ್ತಿದೆ ಅಂದ್ರೆ ಅದನ್ನ ಕೆಡಿಸ್ತಿರೋದು ಬೇರೆ ಯಾವುದೋ ಇದೆ.

ಮೊದಲು ರೋಡ್ ಟೆಸ್ಟ್

ಇದನ್ನ ಬಿಟ್ಟು ನೇರವಾಗಿ ವೀಲ್ ಬಿಚ್ಚೋಕೆ ಹೋಗಬಾರದು. ಮೊದಲ ಪ್ರಶ್ನೆ, ಬ್ರೇಕ್ ಮುಟ್ಟದೆ ಇರೋವಾಗ ನಡುಕ ಇದೆಯಾ? 80ರಿಂದ 110ರ ತನಕ ಹೋದ್ವಿ, ಸ್ಟೇರಿಂಗ್ ಸ್ತಬ್ಧ. ವೀಲ್ ಬ್ಯಾಲೆನ್ಸಿಂಗ್ ಹೋಗಿದ್ರೆ, ಟೈರ್ ಉಬ್ಬಿದ್ರೆ, ರಿಮ್ ಡೊಂಕಾಗಿದ್ರೆ ಬ್ರೇಕ್ ಇಲ್ಲದೇನೂ ಗೊತ್ತಾಗತ್ತೆ. ಆಕ್ಸಿಲರೇಟರ್ ಜೋರಾಗಿ ಕೊಟ್ಟಾಗ ಅದುರಿದ್ರೆ ಡ್ರೈವ್ ಶಾಫ್ಟ್‌ನ ಒಳಗಡೆ ಜಾಯಿಂಟ್ ಮೇಲೆ ಅನುಮಾನ ಬರ್ಬೇಕು. ಇಲ್ಲಿ ಎರಡೂ ಇಲ್ಲ, ಬ್ರೇಕ್ ಹಿಡಿದಾಗ ಮಾತ್ರ.

ಎರಡನೇದು, ನಡುಕ ಎಲ್ಲಿ ಬರ್ತಿದೆ. ಸ್ಟೇರಿಂಗ್ ಅಲ್ಲಾಡಿದ್ರೆ ಬಹುತೇಕ ಮುಂದಿನ ಬ್ರೇಕು, ಸೀಟು ಮತ್ತೆ ಫ್ಲೋರ್ ಅದುರಿ ಸ್ಟೇರಿಂಗ್ ಸುಮ್ನಿದ್ರೆ ಹಿಂದಿಂದು. ಹಿಂದಿನ ಡ್ರಮ್ ಮೇಲಿನ ಅನುಮಾನ ಪೂರ್ತಿ ಬಿಟ್ಟುಬಿಡೋಕೆ ಇನ್ನೊಂದು ದಾರಿ ಇದೆ, ಖಾಲಿ ನೇರ ರೋಡಲ್ಲಿ 40ರ ಹತ್ತಿರ ಸ್ಪೀಡ್‌ನಲ್ಲಿ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡ್ಕೊಂಡೇ ನಿಧಾನಕ್ಕೆ ಲಿವರ್ ಎಳೀಬೇಕು, ಡ್ರಮ್ ಗುಂಡಗಿಲ್ಲದಿದ್ರೆ ಹಿಂಭಾಗ ಕುಪ್ಪಳಿಸಿದ ಹಾಗೆ ಆಗತ್ತೆ. ಬಟನ್ ಬಿಡಬಾರದು, ಲಾಕ್ ಆದ್ರೆ ಗಾಡಿ ಹಿಂದೆ ತಿರುಗಿಬಿಡತ್ತೆ, ಒದ್ದೆ ರೋಡಲ್ಲಂತೂ ಬೇಡವೇ ಬೇಡ, ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಗಾಡಿಲಿ ಈ ಟೆಸ್ಟ್ ಮಾಡಲೇಬಾರದು. ಈ ಗಾಡಿ ಹಿಂದೆ ಸ್ಮೂತಾಗಿ ಹಿಡೀತು.

ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ವೀಲ್ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಕೆಲಸ ಮಾಡೋವಾಗ ಪೆಡಲ್ ಬಡ್ಕೊಳ್ಳೋದನ್ನ ಎಷ್ಟೋ ಜನ ಇದೇ ಅಂದ್ಕೋತಾರೆ. ಅದು ಬೇರೆ ಥರ, ಗರಗರ ಸದ್ದಿನ ಜೊತೆ ತುಂಬಾ ಫಾಸ್ಟಾಗಿ ಒದೆಯತ್ತೆ, ಅಥವಾ ಸೆನ್ಸರ್ ರಿಂಗ್ ಕೆಟ್ಟಿದ್ರೆ ಗಾಡಿ ನಿಲ್ಲೋ ಹಂತದಲ್ಲಿ ಕಮ್ಮಿ ಸ್ಪೀಡಲ್ಲಿ ಸುಮ್ಸುಮ್ನೆ ಬರತ್ತೆ. ನಮ್ಮ ಕೇಸ್‌ನಲ್ಲಿ ನಡುಕ ವೀಲ್ ಸ್ಪೀಡ್‌ಗೆ ಕಟ್ಟಿ ಹಾಕಿದ ಹಾಗಿತ್ತು, ಗಾಡಿ ನಿಧಾನ ಆದಂಗೆ ನಡುಕದ ಲಯವೂ ನಿಧಾನ ಆಗ್ತಿತ್ತು. ಲೆಕ್ಕ ಹಾಕಿದ್ರೆ 90 ಕಿಲೋಮೀಟರ್ ಸ್ಪೀಡ್ ಅಂದ್ರೆ ಸೆಕೆಂಡಿಗೆ 25 ಮೀಟರ್, ಟೈರ್ ಸುತ್ತಳತೆ ಸುಮಾರು 1.8 ಮೀಟರ್, ಅಂದ್ರೆ ವೀಲ್ ಸೆಕೆಂಡಿಗೆ ಹತ್ತಿರ ಹತ್ತಿರ 14 ಸುತ್ತು. ಮುಂದಿನ ಸಸ್ಪೆನ್ಷನ್, ಸ್ಟೇರಿಂಗ್ ಭಾಗಗಳು ತಮ್ಮಷ್ಟಕ್ಕೆ ತೂಗಾಡೋ ವೇಗವೂ ಹೆಚ್ಚುಕಮ್ಮಿ ಇದೇ ಆಸುಪಾಸು, ಹಾಗಾಗಿ 80, 90ರಲ್ಲಿ ಸಣ್ಣ ಏಟು ದೊಡ್ಡದಾಗಿ ಕಾಣತ್ತೆ, 50ಕ್ಕೆ ಇಳಿದ್ರೆ ಏಟು ಅಷ್ಟೇ ಇದ್ರೂ ಕೈಗೆ ತಿಳಿಯಲ್ಲ. ಸ್ಪೀಡ್ ಇಳಿದಾಗ ನಡುಕ ಹೋಯ್ತು ಅಂದ ಮಾತ್ರಕ್ಕೆ ಡಿಸ್ಕ್ ಸರಿ ಇದೆ ಅಂತಲ್ಲ.

ವೀಲ್ ಬಿಚ್ಚಿದಾಗ ಕಂಡಿದ್ದು

ಎಡಗಡೆ ವೀಲ್ ನಟ್ ಬಿಚ್ಚೋವಾಗಲೇ ಒಂದು ಸುಳಿವು ಸಿಕ್ತು. ಒಂದು ನಟ್ ಸ್ಪ್ಯಾನರ್ ಮೇಲೆ ಪೂರ್ತಿ ಭಾರ ಹಾಕಿದ್ರೂ ಜಗ್ತಿರಲಿಲ್ಲ, ಅದರ ಎದುರಿನ ನಟ್ ಒಂದೇ ಕೈಲಿ ಬಂತು. ಕೇಳಿದ್ರೆ ಸ್ವಲ್ಪ ದಿನದ ಹಿಂದೆ ಪಂಕ್ಚರ್ ಹಾಕ್ಸಿದ್ರಂತೆ, ಇಂಪ್ಯಾಕ್ಟ್ ಗನ್‌ನಲ್ಲಿ ಟೈಟ್ ಮಾಡಿ ಕಳಿಸಿದ್ದಾರೆ. ನಟ್ ಒಂದೊಂದು ಒಂದೊಂದು ಥರ ಟೈಟ್ ಆದ್ರೆ ರಿಮ್ ಮತ್ತೆ ಹಬ್ (ಡಿಸ್ಕ್, ವೀಲ್ ಎರಡೂ ಕೂರೋ, ಬೇರಿಂಗ್ ಮೇಲೆ ತಿರುಗೋ ಭಾಗ) ನಡುವೆ ಸಿಕ್ಕಿಕೊಂಡಿರೋ ಡಿಸ್ಕ್‌ನ ನಡುವಿನ ಟೊಪ್ಪಿ ಥರದ ಭಾಗ ಒಂದು ಕಡೆ ಜಾಸ್ತಿ ಎಳೆದುಕೊಳ್ಳತ್ತೆ, ಡಿಸ್ಕ್ ಓರೆ ಆಗತ್ತೆ. ಇದನ್ನ ಬರೆದಿಟ್ಕೊಂಡು ಮುಂದೆ ಹೋದ್ವಿ, ಇದೊಂದೇ ಕಾರಣ ಅಂತ ಅಲ್ಲಿಗೇ ನಿಲ್ಲಿಸಲಿಲ್ಲ.

ಬೇರಿಂಗ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ವೀಲ್ ಹಿಡಿದು ಅಲ್ಲಾಡಿಸಿ ನೋಡಿದ್ವಿ, ಪ್ಲೇ (ಸಡಿಲಾಟ) ಇರಲಿಲ್ಲ. ಬೇರಿಂಗ್ ಮೊದಲು ನೋಡಲೇಬೇಕು, ಅದರಲ್ಲಿ ಆಟ ಇದ್ರೆ ಆಮೇಲೆ ತಗೊಳ್ಳೋ ಒಂದು ಅಳತೆಯನ್ನೂ ನಂಬೋಕಾಗಲ್ಲ. ಎಡಗಡೆ ಸಸ್ಪೆನ್ಷನ್‌ನ ಲೋಯರ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್‌ನಲ್ಲಿ ಸಣ್ಣ ಬಿರುಕು ಇತ್ತು, ಹರಿದಿರಲಿಲ್ಲ. ಬುಷ್ ಸೋತಿದ್ರೆ ನಡುಕ ಹುಟ್ಟಲ್ಲ, ಬೇರೆ ಕಡೆ ಹುಟ್ಟಿದ ನಡುಕ ದೊಡ್ಡದಾಗತ್ತೆ. ಎಷ್ಟೋ ಕಡೆ ಬುಷ್ ಹಾಕಿ ನಡುಕ ಅರ್ಧ ಆದ ಕೂಡ್ಲೇ ಕಾರಣ ಸಿಕ್ತು ಅಂತ ಗಾಡಿ ಕೊಟ್ಟು ಕಳಿಸ್ತಾರೆ, ಹುಟ್ಟಿದ ಜಾಗ ಹಂಗೇ ಉಳಿಯತ್ತೆ.

ಕ್ಯಾಲಿಪರ್ (ಎರಡು ಪ್ಯಾಡ್‌ಗಳ ನಡುವೆ ಡಿಸ್ಕ್‌ನ ಒತ್ತಿ ಹಿಡಿಯೋ ಭಾಗ) ಬಿಚ್ಚಿದಾಗ ಎಡಗಡೆ ಒಳಗಿನ ಪ್ಯಾಡ್ ಓರೆಯಾಗಿ ಸವೆದಿತ್ತು, ಒಂದು ತುದಿ ದಪ್ಪ ಇನ್ನೊಂದು ತುದಿ ತೆಳು. ಕ್ಯಾಲಿಪರ್ ಒಳಗೂ ಹೊರಗೂ ಸರಿಯೋಕೆ ಇರೋ ಎರಡು ಸ್ಲೈಡ್ ಪಿನ್‌ಗಳಲ್ಲಿ ಕೆಳಗಿಂದು ಕೈಲಿ ಎಳೆದ್ರೆ ಬರ್ಲಿಲ್ಲ, ರಬ್ಬರ್ ಬೂಟ್ ಹರಿದು ನೀರು ಹೋಗಿ ಒಳಗೆ ತುಕ್ಕು. ಪ್ಯಾಡ್ ತಳ್ಳೋ ಪಿಸ್ಟನ್ ಮಾತ್ರ ಸಲೀಸಾಗಿ ಹಿಂದೆ ಹೋಯ್ತು. ಅಂದ್ರೆ ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ಪೂರ್ತಿ ಹಿಂದೆ ಸರೀತಿರಲಿಲ್ಲ, ಪ್ಯಾಡ್ ಡಿಸ್ಕ್‌ನ ಪಕ್ಕದಲ್ಲೇ ಅಂಟಿಕೊಂಡಂಗೆ ಇರ್ತಿತ್ತು. ಇದು ಮುಂದೆ ಮುಖ್ಯ ಆಗತ್ತೆ. (ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನ ಬ್ರೇಕ್ ಹೋಸ್ ಮೇಲೆ ನೇತಾಡೋಕೆ ಬಿಡಬೇಡಿ, ತಂತಿಲಿ ಸ್ಪ್ರಿಂಗ್‌ಗೆ ಕಟ್ಟಿ. ಧೂಳನ್ನ ಏರ್ ಗನ್‌ನಲ್ಲಿ ಊದಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.)

ಡಿಸ್ಕ್ ಮುಖ ಕಣ್ಣಿಗೆ ಚೆನ್ನಾಗೇ ಇತ್ತು. ಕ್ರ್ಯಾಕ್ ಇಲ್ಲ, ನೀಲಿ ಕಲೆ ಇಲ್ಲ, ಬೆರಳಿಗೆ ಸಿಗೋ ಗೀರು ಇಲ್ಲ. ಕಣ್ಣಲ್ಲಿ ನೋಡಿ ಡಿಸ್ಕ್ ಬೆಂಡ್ ಆಗಿದೆ ಅಂತ ಹೇಳೋರನ್ನ ನಾನು ಒಪ್ಪಲ್ಲ, ನಾವು ಹುಡುಕ್ತಿರೋ ವ್ಯತ್ಯಾಸ ಮಿಲಿಮೀಟರ್‌ನ ನೂರನೇ ಒಂದು ಭಾಗದ ಲೆಕ್ಕದ್ದು, ಅದಕ್ಕೆ ಗೇಜ್ ಬೇಕೇ ಬೇಕು.

ಅಳತೆ

ಎರಡು ಅಳತೆ ಬೇಕು, ಎರಡೂ ಬೇರೆ ಬೇರೆ. ಒಂದು ರನ್‌ಔಟ್, ಅಂದ್ರೆ ಡಿಸ್ಕ್ ತಿರುಗೋವಾಗ ಒಳಗೂ ಹೊರಗೂ ಎಷ್ಟು ಓಲಾಡತ್ತೆ ಅನ್ನೋದು, ಡಯಲ್ ಗೇಜ್‌ನಲ್ಲಿ ನೋಡೋದು. ಇನ್ನೊಂದು ದಪ್ಪದ ವ್ಯತ್ಯಾಸ, ಡಿಸ್ಕ್ ಸುತ್ತ ಒಂದೇ ದಪ್ಪ ಇದೆಯಾ ಅನ್ನೋದು, ಮೈಕ್ರೋಮೀಟರ್‌ನಲ್ಲಿ ನೋಡೋದು. ವರ್ನಿಯರ್ ಕ್ಯಾಲಿಪರ್ ಇದಕ್ಕೆ ಸಾಲದು, ಡಿಸ್ಕ್ ಅಂಚಲ್ಲಿ ಸವೆಯದೆ ಉಳಿದ ದಿಂಡು ಇರತ್ತೆ, ವರ್ನಿಯರ್ ಅದರ ಮೇಲೆ ಕೂತು ತಪ್ಪು ತೋರಿಸತ್ತೆ.

ರನ್‌ಔಟ್‌ಗೆ ಡಿಸ್ಕ್‌ನ ಹಬ್ ಮೇಲೆ ಕೂರಿಸಿ, ನಟ್ ಕೆಳಗೆ ವಾಷರ್ ಹಾಕಿ ನಾಲ್ಕೂ ನಟ್ ಟಾರ್ಕ್ ರೆಂಚಲ್ಲಿ ಸಮನಾಗಿ ಬಿಗಿದ್ವಿ, ಮ್ಯಾಗ್ನೆಟ್ ಸ್ಟ್ಯಾಂಡ್ ನಕಲ್ (ಹಬ್‌ನ ಹಿಡಿದಿರೋ, ವೀಲ್ ಜೊತೆ ಸುತ್ತದ ಭಾಗ) ಮೇಲೆ ಕೂರಿಸಿ ಗೇಜ್ ಮೂತಿನ ಡಿಸ್ಕ್ ಅಂಚಿಂದ 10 ಎಂಎಂ ಒಳಗೆ ಇಟ್ಟು ಕೈಲಿ ನಿಧಾನಕ್ಕೆ ಒಂದು ಸುತ್ತು. ಎಡಗಡೆ 0.12 ಎಂಎಂ ಬಂತು, ಬಲಗಡೆ 0.05. ಗಾಡಿ ಗಾಡಿಗೂ ಲಿಮಿಟ್ ಬೇರೆ, ಮ್ಯಾನ್ಯುಯಲ್ ನೋಡ್ಬೇಕು, ಆದ್ರೆ ಹೆಚ್ಚಿನ ಕಾರುಗಳಲ್ಲಿ 0.05ರಿಂದ 0.10 ಎಂಎಂ ಒಳಗೆ ಕೇಳ್ತಾರೆ. ನಟ್ ಸಮನಾಗಿ ಬಿಗಿದ ಮೇಲೂ 0.12 ಬಂದಿದ್ರಿಂದ ಇಂಪ್ಯಾಕ್ಟ್ ಗನ್ ಒಂದೇ ಅಪರಾಧಿ ಅಲ್ಲ ಅಂತ ಖಾತ್ರಿ ಆಯ್ತು.

ದಪ್ಪ ಎಂಟು ಕಡೆ ತಗೊಂಡ್ವಿ. ಎಡಗಡೆ ಅತಿ ದಪ್ಪ ಜಾಗ 21.412, ಅತಿ ತೆಳು ಜಾಗ 21.386, ವ್ಯತ್ಯಾಸ 0.026 ಎಂಎಂ. ಬಲಗಡೆ ವ್ಯತ್ಯಾಸ 0.008 ಮಾತ್ರ. 0.026 ಅಂದ್ರೆ ತಲೆಕೂದಲಿಗಿಂತ ತೆಳು, ಆದ್ರೆ ದಪ್ಪದ ವ್ಯತ್ಯಾಸ 0.02ರ ಹತ್ತಿರ ಬಂದ್ರೆ ಸಾಕು, ಕೈಗೆ ಗೊತ್ತಾಗೋಕೆ ಶುರುವಾಗತ್ತೆ. ಎಡಗಡೆ ಡಿಸ್ಕೇ ನಡುಕದ ಜಾಗ ಅನ್ನೋದು ಇಲ್ಲಿಗೆ ಮುಗೀತು, ಯಾಕೆ ಹಿಂಗಾಯ್ತು ಅನ್ನೋದು ಇನ್ನೂ ಬಾಕಿ.

ಇಡೀ ಕೇಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು, ಖರ್ಚಿಲ್ಲ, ಆದ್ರೆ ಮಾಡೋರು ಕಮ್ಮಿ. ಗೇಜ್ ಮುಳ್ಳು ಅತಿ ಮೇಲೆ ಹೋದ ಜಾಗಕ್ಕೆ ಡಿಸ್ಕ್ ಮೇಲೆ ಚಾಕ್‌ಪೀಸಲ್ಲಿ ಗುರುತು, ಅದರ ನೇರಕ್ಕೆ ಇರೋ ಹಬ್ ಬೋಲ್ಟ್ ಮೇಲೂ ಒಂದು ಗುರುತು. ಆಮೇಲೆ ಡಿಸ್ಕ್ ಬಿಚ್ಚಿ, ಏನೂ ಕ್ಲೀನ್ ಮಾಡದೆ, ಎರಡು ತೂತು ತಿರುಗಿಸಿ ಅಂದ್ರೆ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಅಳೆಯೋದು. ಎತ್ತರದ ಜಾಗ ಡಿಸ್ಕ್ ಗುರುತಿನ ಜೊತೆ ಬಂದ್ರೆ ತಪ್ಪು ಡಿಸ್ಕಿಂದು. ಹಬ್ ಗುರುತಿನ ಹತ್ತಿರವೇ ನಿಂತ್ರೆ ತಪ್ಪು ಹಬ್ಬಿಂದು, ಎಷ್ಟು ಹೊಸ ಡಿಸ್ಕ್ ತಂದು ಹಾಕಿದ್ರೂ ಅದೇ ಓಲಾಟ. ಇಲ್ಲಿ ಅರ್ಧ ಸುತ್ತು ತಿರುಗಿಸಿದ ಮೇಲೆ 0.10 ಬಂತು, ಎತ್ತರದ ಜಾಗ ಮೊದಲಿದ್ದ ಬೋಲ್ಟ್ ಹತ್ತಿರವೇ. ಲೆಕ್ಕ ಸರಿಯಾಗಿ ಕೂತ್ಕೊಳ್ತು, ಸುಮಾರು 0.11 ಹಬ್ ಕಡೆಯಿಂದ, ಡಿಸ್ಕಿನ ಸ್ವಂತ ತಪ್ಪು ಬರೀ 0.01, ಒಂದು ಸಲ ಕೂಡಿ 0.12, ತಿರುಗಿಸಿದಾಗ ಕಳೆದು 0.10.

ಡಿಸ್ಕ್ ತೆಗೆದು ಹಬ್ ಮುಖ ಲೈಟ್ ಹಾಕಿ ನೋಡಿದ್ರೆ ಆ ಬೋಲ್ಟ್ ಬುಡದಲ್ಲಿ ತುಕ್ಕು ಪದರ ಪದರವಾಗಿ ಗಟ್ಟಿ ಕೂತಿತ್ತು, ಮೇಲೆ ಹಳೆ ಡಿಸ್ಕ್‌ಗಳು ಒತ್ತಿ ಒತ್ತಿ ಪಾಲಿಶ್ ಆಗಿ ಹೊಳೀತಿತ್ತು. ಹೊಳೀತಿದ್ದಿದ್ರಿಂದ ಕಬ್ಬಿಣದ ಮುಖವೇ ಅನ್ನೋ ಹಾಗೆ ಕಾಣತ್ತೆ, ಮೇಲಿಂದ ಮೇಲೆ ನೋಡಿದ್ರೆ ತಪ್ಪಿಸಿಕೊಳ್ಳತ್ತೆ. ಹಿಂದೆ ಎರಡು ಸಲ ಡಿಸ್ಕ್ ಹಾಕಿದೋರು ಇದರ ಮೇಲೇ ಹಾಕಿದ್ದಾರೆ. ಹಬ್ ಮುಖದ ಅಗಲ ಸುಮಾರು 140 ಎಂಎಂ, ನಾವು ಗೇಜ್ ಇಟ್ಟಿದ್ದ ಸುತ್ತಿನ ಅಗಲ ಸುಮಾರು 240, ಹಾಗಾಗಿ ಹಬ್‌ನಲ್ಲಿ 0.06 ತುಕ್ಕು ಇದ್ರೆ ಸಾಕು, ಡಿಸ್ಕ್ ಅಂಚಲ್ಲಿ ಅದು 0.10 ದಾಟತ್ತೆ.

ಹಾಗಾದ್ರೆ ಹೊಸ ಡಿಸ್ಕ್ ಹಾಕಿದ ದಿನ ಯಾಕೆ ನಡುಗಲಿಲ್ಲ

ಓನರ್ ಕೇಳಿದ ಪ್ರಶ್ನೆ ಇದೇ, ಮತ್ತೆ ಇಲ್ಲೇ ಇಡೀ ವಿಷಯ ಇರೋದು. ಡಿಸ್ಕ್ ಓರೆಯಾಗಿ ಕೂತಿದ್ರೂ ಅದರ ದಪ್ಪ ಸುತ್ತಲೂ ಒಂದೇ ಇದ್ರೆ, ಬ್ರೇಕ್ ಹಿಡಿದಾಗ ಸ್ಲೈಡಿಂಗ್ ಕ್ಯಾಲಿಪರ್ ಡಿಸ್ಕ್ ಜೊತೆ ತಾನೂ ಒಳಗೂ ಹೊರಗೂ ಸರೀತಾ ಹೋಗತ್ತೆ, ಹಿಡಿತದ ಬಲ ಬದಲಾಗಲ್ಲ, ನಡುಕ ಇರಲ್ಲ. ತೊಂದರೆ ಶುರುವಾಗೋದು ಬ್ರೇಕ್ ಹಿಡಿಯದೆ ಇರೋವಾಗ. ಹೈವೇಲಿ ಗಂಟೆಗಟ್ಟಲೆ ಬ್ರೇಕ್ ಮುಟ್ಟದೆ ಹೋಗ್ತಿರ್ತೀವಿ, ಆಗ ಪ್ಯಾಡ್ ಡಿಸ್ಕ್‌ನ ಪಕ್ಕದಲ್ಲೇ ಕೂದಲೆಳೆ ದೂರದಲ್ಲಿ ಇರತ್ತೆ, ಓರೆ ಡಿಸ್ಕ್ ಪ್ರತಿ ಸುತ್ತಿಗೂ ಎತ್ತರದ ಜಾಗದಲ್ಲಿ ಹೊರಗಿನ ಪ್ಯಾಡ್‌ನ ಸವರಿಕೊಂಡು ಹೋಗತ್ತೆ, ಅದರ ಎದುರು ಬದಿಯಲ್ಲಿ ಒಳಗಿನ ಪ್ಯಾಡ್‌ನ ಸವರತ್ತೆ. ಸೆಕೆಂಡಿಗೆ ಹತ್ತಾರು ಸಲ, ಸಾವಿರಾರು ಕಿಲೋಮೀಟರ್. ಆ ಜಾಗ ನಿಧಾನಕ್ಕೆ ಸವೆದು ತೆಳು ಆಗತ್ತೆ. ಪ್ಯಾಡ್ ಥರ ಬೇರೆ ಇದ್ರೆ ಸವೆಯೋ ಬದಲು ಪ್ಯಾಡಿನ ಮಸಾಲೆನೇ ಡಿಸ್ಕ್ ಮೇಲೆ ಅಂಟಿಕೊಂಡು ಅಲ್ಲಿ ದಪ್ಪ ಆಗೋದೂ ಉಂಟು. ಎರಡರಲ್ಲೂ ಕೊನೆಗೆ ಆಗೋದು ದಪ್ಪದಲ್ಲಿ ಏರುಪೇರು.

ನಮ್ಮ ಗಾಡಿಲಿ ಅದನ್ನ ಕಣ್ಣಾರೆ ನೋಡಬಹುದಿತ್ತು. ಮೈಕ್ರೋಮೀಟರ್ ತೋರಿಸಿದ ಅತಿ ತೆಳು ಜಾಗ, ಡಯಲ್ ಗೇಜ್ ತೋರಿಸಿದ ಅತಿ ಎತ್ತರದ ಜಾಗ, ಎರಡೂ ಚಾಕ್‌ಪೀಸ್ ಗುರುತು ಹತ್ತಿರ ಹತ್ತಿರ ಬಿದ್ದಿತ್ತು. ಎದುರು ಬದಿಯಲ್ಲೂ ಸ್ವಲ್ಪ ತೆಳು. ಸ್ಲೈಡ್ ಪಿನ್ ಹಿಡ್ಕೊಂಡು ಪ್ಯಾಡ್ ಹಿಂದೆ ಸರಿಯದೆ ಇದ್ದಿದ್ರಿಂದ ಈ ಸವೆತ ಇನ್ನೂ ಬೇಗ ಆಗಿದೆ.

ಒಂದು ಸಲ ದಪ್ಪ ಏರುಪೇರಾದ ಮೇಲೆ ಕ್ಯಾಲಿಪರ್ ಸರಿದಾಡಿ ಸರಿಮಾಡೋಕೆ ಆಗಲ್ಲ. ದಪ್ಪ ಜಾಗ ಪ್ಯಾಡ್ ನಡುವೆ ಬಂದಾಗ ಪಿಸ್ಟನ್ ಹಿಂದೆ ತಳ್ಳಿಸಿಕೊಳ್ಳತ್ತೆ, ಲೈನ್‌ನಲ್ಲಿ ಪ್ರೆಷರ್ ಏರತ್ತೆ, ತೆಳು ಜಾಗ ಬಂದಾಗ ಇಳಿಯತ್ತೆ. ಪ್ರೆಷರ್ ಏರಿಳಿತ ಪೆಡಲ್‌ಗೆ ಬರತ್ತೆ, ಹಿಡಿತದ ಏರಿಳಿತ ವೀಲ್‌ನ ಹಿಂದಕ್ಕೆ ಮುಂದಕ್ಕೆ ಎಳೆದು ಟೈ ರಾಡ್ ಮೂಲಕ ಸ್ಟೇರಿಂಗ್‌ಗೆ ಬರತ್ತೆ. ಬಿಸಿ ಆದಾಗ ಜಾಸ್ತಿ ಆಗೋದು ಯಾಕಂದ್ರೆ ದಪ್ಪ ಜಾಗ ಜಾಸ್ತಿ ಉಜ್ಜಿಸಿಕೊಂಡು ಜಾಸ್ತಿ ಕಾಯತ್ತೆ, ಕಾದಿದ್ದು ಇನ್ನೂ ಹಿಗ್ಗತ್ತೆ, ಇಳಿಜಾರಲ್ಲಿ ಪೆಡಲ್ ಬಡ್ಕೊಳ್ತಿದ್ದಿದ್ದು ಇದಕ್ಕೇ. ಅಂದ್ರೆ ಮೊದಲೆರಡು ಜೊತೆ ಡಿಸ್ಕ್‌ಗಳು ಬೆಂಡ್ ಆಗಿರಲೇ ಇಲ್ಲ, ಓರೆ ಹಬ್ ಮೇಲೆ ಕೂರಿಸಿದ್ದಕ್ಕೆ ಸವೆದು ಹೋದ್ವು. ದಿನಬಳಕೆ ಕಾರಲ್ಲಿ ಡಿಸ್ಕ್ ಬಿಸಿಗೆ ನಿಜವಾಗಿ ಬೆಂಡ್ ಆಗಿ ಹಂಗೇ ಉಳಿಯೋದು ಅಪರೂಪ.

ರಿಪೇರಿ

ಹಬ್ ಮುಖದ ತುಕ್ಕು ಮೊದಲು ವೈರ್ ಬ್ರಷ್, ಆಮೇಲೆ ಬೋಲ್ಟ್ ಸುತ್ತ ಹೋಗೋ ಚಿಕ್ಕ ರೌಂಡ್ ಪ್ಯಾಡು, ಕೊನೆಗೆ ಎಮರಿ ಪೇಪರ್. ಗ್ರೈಂಡಿಂಗ್ ವೀಲ್ ಹಚ್ಚಬಾರದು, ತುಕ್ಕಿನ ಜೊತೆ ಹಬ್ಬಿನ ಲೋಹವೂ ಹೋದ್ರೆ ಅಲ್ಲಿಗೆ ಹಬ್ಬೇ ಚೇಂಜು. ಡಿಸ್ಕಿನ ಟೊಪ್ಪಿ ಒಳಭಾಗ, ರಿಮ್ ಹಿಂಭಾಗ ಹಬ್‌ಗೆ ತಾಗೋ ಜಾಗವೂ ಅಷ್ಟೇ ಚೊಕ್ಕ ಮಾಡಿದ್ವಿ. ಆಮೇಲೆ ಬರೀ ಹಬ್ ಮುಖದ ಮೇಲೆ ಗೇಜ್ ಇಟ್ಟು ತಿರುಗಿಸಿದ್ರೆ 0.01 ಎಂಎಂ, ಅಂದ್ರೆ ಹಬ್ಬೂ ಬೇರಿಂಗೂ ಚೆನ್ನಾಗಿವೆ. ಇಲ್ಲಿ ಜಾಸ್ತಿ ಬಂದಿದ್ರೆ ಹಬ್ ಡೊಂಕಾಗಿದೆ ಅಂತ ಅರ್ಥ, ಗುಂಡಿಗೆ ಜೋರಾಗಿ ಬಿದ್ದ ಗಾಡಿಗಳಲ್ಲಿ ಹಂಗಾಗಿರತ್ತೆ.

ಈಗ ಡಿಕ್ಕಿಲಿರೋ ಹೊಸ ಡಿಸ್ಕ್ ಹಾಕೋದಾ, ಇರೋದನ್ನೇ ಸ್ಕಿಮ್ಮಿಂಗ್ ಮಾಡಿಸೋದಾ, ಅಂದ್ರೆ ಲೇತ್‌ನಲ್ಲಿ ಎರಡೂ ಮುಖ ತೆಳ್ಳಗೆ ಹೆರೆಸೋದಾ? ಡಿಸ್ಕ್ ಮೇಲೆ ಮಿನಿಮಮ್ ದಪ್ಪ 20 ಎಂಎಂ ಅಂತ ಅಚ್ಚು ಹಾಕಿದೆ, ನಮ್ಮ ಹತ್ರ 21.38 ಇದೆ, ಕ್ರ್ಯಾಕ್ ಇಲ್ಲ, ನೀಲಿ ಕಲೆ ಇಲ್ಲ. ಈ ನೀಲಿ ಕಲೆ ಯಾಕೆ ನೋಡೋದು ಅಂದ್ರೆ, ಡಿಸ್ಕ್ ಎರಕದ ಕಬ್ಬಿಣ, ಅದು ಒಂದೇ ಜಾಗದಲ್ಲಿ 700 ಡಿಗ್ರಿ ಆಸುಪಾಸು ಕಾದ್ರೆ ಅಲ್ಲಿ ಸಿಮೆಂಟೈಟ್ ಅನ್ನೋ ತುಂಬಾ ಗಟ್ಟಿ ಪದಾರ್ಥ ಆಗಿಬಿಡತ್ತೆ, ಅದು ಒಳಗೂ ಇಳಿದಿರತ್ತೆ, ಮೇಲೆ ಲೇತ್ ಹೊಡೆಸಿದ್ರೂ ಕೆಳಗೆ ಉಳಿದುಕೊಂಡು ಸುತ್ತಲಿನ ಜಾಗ ಸವೆದ ಹಾಗೆ ಮತ್ತೆ ಎದ್ದು ಬರತ್ತೆ. ಅಂಥ ಡಿಸ್ಕ್ ಎಷ್ಟೇ ದಪ್ಪ ಇದ್ರೂ ಬಿಸಾಕಬೇಕು. ಇದರಲ್ಲಿ ಅದಿಲ್ಲ, ಹಾಗಾಗಿ ಸ್ಕಿಮ್ಮಿಂಗ್ ಸಾಕು ಅಂತ ನಿರ್ಧಾರ ಮಾಡಿದ್ವಿ, ಹೊಸದನ್ನ ವಾಪಸ್ ಕೊಡೋಕೆ ಹೇಳಿದೆ. ಓನರ್‌ಗೆ ಧೈರ್ಯ ಬರಲಿಲ್ಲ, "ತಂದಿದ್ದು ತಂದಾಗಿದೆ, ಹಾಕೇಬಿಡಿ" ಅಂತ ಮತ್ತೊಂದ್ಸಲ ಅಂದ್ರು, ಚಾಕ್‌ಪೀಸ್ ಗುರುತು ತೋರಿಸಿ ಅರ್ಧ ಸುತ್ತಿನ ಲೆಕ್ಕ ಹೇಳಿದ ಮೇಲೆ ಒಪ್ಪಿದ್ರು.

ಲೇತ್‌ನವರಿಗೆ ಹೇಳಬೇಕಾದ್ದು ಒಂದಿದೆ, ಎರಡೂ ಮುಖ ಒಂದೇ ಸೆಟ್ಟಿಂಗ್‌ನಲ್ಲಿ ಹೊಡೀಬೇಕು. ಒಂದು ಮುಖ ಹೊಡೆದು ಡಿಸ್ಕ್ ಬಿಚ್ಚಿ ತಿರುಗಿಸಿ ಕಟ್ಟಿ ಇನ್ನೊಂದು ಮುಖ ಹೊಡೆದ್ರೆ ಎರಡು ಮುಖ ಒಂದಕ್ಕೊಂದು ಸಮಾನಾಂತರ ಇರಲ್ಲ, ಯಾವ ದಪ್ಪದ ವ್ಯತ್ಯಾಸ ತೆಗೆಯೋಕೆ ಹೋಗಿದ್ವೋ ಅದನ್ನೇ ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದ ಹಾಗೆ. ಎಡ ಬಲ ಎರಡೂ ಹೊಡೆಸಿದ್ವಿ, ಒಂದೇ ಕಡೆ ಹೊಡೆಸಿದ್ರೆ ಗಾಡಿ ಒಂದು ಪಕ್ಕಕ್ಕೆ ಎಳೆಯೋ ಸಾಧ್ಯತೆ ಇರತ್ತೆ. ವಾಪಸ್ ಬಂದಾಗ ಎಡಗಡೆದು 20.9 ಎಂಎಂ, ಸುತ್ತಲೂ ವ್ಯತ್ಯಾಸ 0.004 ಒಳಗೆ. ಸೋಪು ನೀರಲ್ಲಿ ತೊಳೆದು ಬ್ರೇಕ್ ಕ್ಲೀನರಲ್ಲಿ ಒರೆಸಿದ್ವಿ, ಲೇತ್‌ನ ಸಣ್ಣ ಕಬ್ಬಿಣದ ಪುಡಿ ಉಳಿದ್ರೆ ಹೊಸ ಪ್ಯಾಡ್ ಒಳಗೆ ಹೋಗಿ ಚುಚ್ಚಿಕೊಳ್ಳತ್ತೆ.

ಕ್ಲೀನ್ ಆದ ಹಬ್ ಮೇಲೆ ಹಾಕಿ ಅಳೆದಾಗ ಎಡಗಡೆ 0.03, ಬಲಗಡೆ 0.02. ಎಡದಲ್ಲಿ ಒಂದು ತೂತು ತಿರುಗಿಸಿ ನೋಡಿದ್ವಿ, 0.02ಕ್ಕೆ ಇಳೀತು, ಆ ಜಾಗದಲ್ಲೇ ಬಿಟ್ವಿ. ಹೀಗೆ ತೂತು ಬದಲಾಯಿಸಿ ಹಬ್ಬಿನ ಸಣ್ಣ ಓರೆ ಡಿಸ್ಕಿನ ಸಣ್ಣ ಓರೆ ಒಂದನ್ನೊಂದು ತಿನ್ನೋ ಹಾಗೆ ಮಾಡೋದು ಬಿಟ್ಟಿ ಸಿಗೋ ಸುಧಾರಣೆ, ಹೊಸ ಡಿಸ್ಕ್ ಹಾಕೋವಾಗಲೂ ಮಾಡಬಹುದು.

ಸ್ಲೈಡ್ ಪಿನ್ ಹೊಸದು, ಬೂಟ್ ಹೊಸದು, ಪಿನ್ ಹೋಗೋ ತೂತಿನ ತುಕ್ಕು ತೆಗೆದು ಬ್ರೇಕ್‌ಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ತೆಳ್ಳಗೆ. ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡ್ಕೊಳ್ಳತ್ತೆ. ಪ್ಯಾಡ್ ಎರಡೂ ಕಡೆ ಹೊಸದು, ಓರೆ ಸವೆದ ಪ್ಯಾಡ್ ಸ್ಕಿಮ್ಮಿಂಗ್ ಮಾಡಿದ ಡಿಸ್ಕ್ ಮೇಲೆ ಹಾಕೋ ಮಾತೇ ಇಲ್ಲ. ವೀಲ್ ನಟ್ ಕೈಲಿ ಕೂರಿಸಿ, ಎದುರು ಬದುರು ಕ್ರಮದಲ್ಲಿ ಮೊದಲು 50 ನ್ಯೂಟನ್ ಮೀಟರ್, ಆಮೇಲೆ ಈ ಗಾಡಿ ಮ್ಯಾನ್ಯುಯಲ್ ಹೇಳೋ 100. ಗಾಡಿ ಇಳಿಸಿದ ಮೇಲೆ ಓಡಿಸೋಕೆ ಮುಂಚೆ ಪೆಡಲ್ ಗಟ್ಟಿ ಆಗೋ ತನಕ ಪಂಪ್ ಮಾಡಬೇಕು, ಪಿಸ್ಟನ್ ಹಿಂದೆ ತಳ್ಳಿರ್ತೀವಿ, ಮರೆತು ಹೊರಟ್ರೆ ಮೊದಲ ಬ್ರೇಕ್ ಇರಲ್ಲ.

ಬೆಡ್ಡಿಂಗ್ ಮತ್ತೆ ಆಮೇಲಿನ ಮಾತು

ಹೊಸ ಪ್ಯಾಡ್ ಹಾಕಿದ ಮೇಲೆ ಡಿಸ್ಕ್ ಮೇಲೆ ಪ್ಯಾಡಿನ ತೆಳು ಪದರ ಸುತ್ತಲೂ ಸಮನಾಗಿ ಕೂರಬೇಕು, ಹಂಗೆ ಕೂರಿಸೋದಕ್ಕೇ ಬೆಡ್ಡಿಂಗ್ ಅನ್ನೋದು. ಖಾಲಿ ರೋಡಲ್ಲಿ 60ರಿಂದ 15ರ ತನಕ ಮಧ್ಯಮ ಒತ್ತಡದಲ್ಲಿ ಹತ್ತು ಸಲದ ಹಾಗೆ ಇಳಿಸಿದ್ವಿ, ನಡುವೆ ಅರ್ಧ ನಿಮಿಷ ಓಡಿಸಿ ತಣ್ಣಗಾಗೋಕೆ ಬಿಟ್ಟು. ಪ್ಯಾಡ್ ಕಂಪನಿ ಬೇರೆ ಕ್ರಮ ಹೇಳಿದ್ರೆ ಅದನ್ನೇ ಅನುಸರಿಸಿ. ಮುಖ್ಯ ಏನಂದ್ರೆ ಪೂರ್ತಿ ನಿಲ್ಲಿಸಬಾರದು. ಡಿಸ್ಕ್ ಕಾದಿರೋವಾಗ ನಿಂತು ಪೆಡಲ್ ಒತ್ತಿ ಹಿಡ್ಕೊಂಡ್ರೆ ಪ್ಯಾಡ್ ಇರೋ ಜಾಗದಲ್ಲಿ ಅದರ ಅಚ್ಚು ಮೂಡತ್ತೆ, ಅಲ್ಲಿಂದಲೂ ನಡುಕ ಹುಟ್ಟತ್ತೆ. ಇದು ಓನರ್‌ಗೂ ಹೇಳಿದೆ, ಉದ್ದ ಇಳಿಜಾರು ಇಳಿದು ಬಂದು ಸಿಗ್ನಲ್‌ನಲ್ಲಿ ನಿಂತಾಗ ನೆಲ ಸಮ ಇದ್ರೆ ಗಾಡಿ ನಿಲ್ಲೋಕೆ ಎಷ್ಟು ಬೇಕೋ ಅಷ್ಟೇ ಹಗುರಾಗಿ ಹಿಡೀರಿ, ಇಳಿಜಾರಲ್ಲಿ ಗೇರ್ ಇಳಿಸಿ ಎಂಜಿನ್ ಬ್ರೇಕಿಂಗ್ ಬಳಸಿ, ಕಾದ ಡಿಸ್ಕ್ ಮೇಲೆ ತಣ್ಣೀರು ಬೀಳಿಸಬೇಡಿ.

ರೋಡ್ ಟೆಸ್ಟಲ್ಲಿ 100ರಿಂದ ಹಗುರ, ಮಧ್ಯಮ, ಜೋರು ಮೂರೂ ಥರ ಹಿಡಿದು ನೋಡಿದ್ವಿ, ಸ್ಟೇರಿಂಗ್ ಅಲ್ಲಾಡಲಿಲ್ಲ. ಆದ್ರೆ ಈ ಗಾಡಿ ಹಿಂದೆ ಎರಡು ಸಲವೂ ಮೊದಲ ದಿನ ಹಿಂಗೇ ಇತ್ತು, ಆದ್ದರಿಂದ ಆವತ್ತಿನ ಟೆಸ್ಟ್‌ನ ನಾನು ರಿಸಲ್ಟ್ ಅಂತ ತಗೊಳ್ಳಲಿಲ್ಲ. ಮುಂದಿನ ಸರ್ವಿಸ್‌ಗೆ ಬಂದಾಗ ಅಳೆಯೋಣ, ಅಲ್ಲೀವರೆಗೂ ಪಂಕ್ಚರ್ ಆದ್ರೆ ನಟ್ ಇಂಪ್ಯಾಕ್ಟ್ ಗನ್‌ನಲ್ಲಿ ಬೇಡ, ಸ್ಪ್ಯಾನರ್ ಹಾಕಿ ಕೈಯಿಂದಲೇ ಸಮನಾಗಿ ಟೈಟ್ ಮಾಡಿಸಿ ಅಂದೆ.

ಹಿಂದಿನ ಸಲಗಳಲ್ಲಿ ನಡುಕ ಶುರುವಾಗಿದ್ದಷ್ಟು ದೂರ ದಾಟಿ, ಇನ್ನೂ ಜಾಸ್ತಿನೇ ಓಡಿದ ಮೇಲೆ ಸರ್ವಿಸ್‌ಗೆ ಬಂತು. ಎಡಗಡೆ ರನ್‌ಔಟ್ 0.02ರಲ್ಲೇ ಇದೆ, ದಪ್ಪದ ವ್ಯತ್ಯಾಸ 0.006. ಸ್ಲೈಡ್ ಪಿನ್ ಎರಡೂ ಬೆರಳಲ್ಲಿ ಸರೀತಿದ್ವು, ಒಳಗಿನ ಹೊರಗಿನ ಪ್ಯಾಡ್ ಸಮ ಸವೆದಿತ್ತು. ಲೋಯರ್ ಆರ್ಮ್ ಬುಷ್‌ನ ಬಿರುಕು ಸ್ವಲ್ಪ ಅಗಲ ಆಗಿತ್ತು, ಅದನ್ನ ಆ ಸರ್ವಿಸ್‌ನಲ್ಲೇ ಹೊಸದು ಹಾಕಿ ವೀಲ್ ಅಲೈನ್‌ಮೆಂಟ್ ಮಾಡಿ ಕಳಿಸಿದ್ವಿ.